ವಲ್ಲಿಯ ಕೆಳಗೆ ಮಾರಿದ ಕೊಂಬಿನ ಪ್ಲೇಟು

ಹೋದ ತಿಂಗಳು ನಾನು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ ಮೊಮ್ಮಗಳು ದೀಪಾ ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಹಳೇ ಗ್ರಾಮಫೋನ್ ಪ್ಲೇಟುಗಳನ್ನು ದೇಶ ದೇಶ ಸುತ್ತಿ ಹುಡುಕಿ ಕೊಳ್ಳುವ ಜನ ಇದ್ದಾರಂತೆ. ಅದರಲ್ಲೂ ಜಾಝ್ ಅನ್ನುವ ಬ್ಯಾಂಡಿನ ಪ್ಲೇಟು ಅಂದರೆ ಅವರು ಪ್ರಾಣ ಬಿಡುತ್ತಾರಂತೆ. ಯಾವನೋ ಪುಣ್ಯಾತ್ಮ ಒಂದೇ ಒಂದು ಪ್ಲೇಟಿಗೆ ನಮ್ಮೂರಲ್ಲಿ ಒಂದು ಸೈಟು ಬರುವಷ್ಟು ದುಡ್ಡು ಸುರಿದು, ಅದರ ಹಾಡನ್ನು ಎಲ್ಲರೂ ಕೇಳಲಿ ಅಂತ ಬಿಟ್ಟಿದ್ದಾನಂತೆ. ದೀಪಾ ಅದನ್ನು ಹಚ್ಚಿದಳು. ಮೊದಲು ಮಳೆ ಬಿದ್ದ ಹಾಗೆ ಚರಚರ ಸದ್ದು, ಆಮೇಲೆ ಕೊಂಬು. ಎರಡು ಉಸಿರಿಗೇ ನನಗೆ ಗುರುತು ಸಿಕ್ಕಿತು. ಅದು ನಮ್ಮ ಮನೆಯಲ್ಲಿದ್ದ ಪ್ಲೇಟೇ. ನನ್ನ ಮಗ ಬಾಗಿಲಲ್ಲೇ ನಿಂತು ತಲೆಯ ಮೇಲೆ ಕೈ ಹೊತ್ತುಕೊಂಡ.

"ಅದನ್ನ ಇಟ್ಕೊಂಡಿದ್ರೆ ಇವತ್ತು ನಾವು ಎಲ್ಲಿರ್ತಿದ್ವಿ. ಹೊಟ್ಟೆ ಉರ್ಕೊಳ್ಳೋದು ಬಿಟ್ಟು ನಗ್ತೀಯಲ್ಲವ್ವ ನೀನು."

ನಗದೆ ಏನು ಮಾಡಲಿ? ಆ ದಿನದಿಂದ ನನಗೆ ಕಾಲು ನೆಲದ ಮೇಲಿಲ್ಲ. ಎಂಬತ್ತರ ಹತ್ತಿರ ಬಂದ ಮುದುಕಿ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ದೀಪಾಳ ಹಳೇ ನೋಟುಬುಕ್ಕಿನಲ್ಲಿ ದಪ್ಪ ದಪ್ಪ ಅಕ್ಷರ ಬರೆಯುತ್ತ ಕೂತಿದ್ದೇನೆ. ಆ ಪ್ಲೇಟು ನಮ್ಮ ಕೈ ತಪ್ಪಿ ಹೋದದ್ದಲ್ಲ. ನಮ್ಮವ್ವ ಅದನ್ನು ಹಲ್ಲು ಕಚ್ಚಿ ಮಾರಿದಳು. ಆ ವ್ಯಾಪಾರ ನಡೆದದ್ದು ನನ್ನ ಈ ಎರಡು ಕೈಗಳಲ್ಲಿ. ಅದನ್ನೇ ಹೇಳಬೇಕು.

ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಹಿಂದಿನ ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ಮುಂದೆ ಪಡಸಾಲೆ, ಒಳಗೆ ಅಡುಗೆಮನೆ, ಅದರ ಮೂಲೆಯಲ್ಲೇ ಬಚ್ಚಲು. ಗಾಳಿ ತಿರುಗಿದರೆ ಹತ್ತಿಯ ಎಳೆ ಹಾರಿ ಬಂದು ಸಾರಿನ ಮೇಲೆ ಕೂರುತ್ತಿತ್ತು; ಅವ್ವ ಸೌಟಿನ ತುದಿಯಲ್ಲಿ ಎತ್ತಿ ಬಿಸಾಕಿ ಬಡಿಸುತ್ತಿದ್ದಳು. ಅಪ್ಪ ಮೊದಲು ಆ ಮಿಲ್ಲಿನಲ್ಲೇ ಇದ್ದವನು. ಹತ್ತಿ ಹಿಂಜುವ ಖಾತೆ. ಧೂಳು ಎದೆಗಿಳಿದು ಕೆಮ್ಮು ಹತ್ತಿತು. ಒಂದು ಚಳಿಗಾಲ ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡಿದ. ಮಲಗಿದರೆ ಉಸಿರು ನಿಲ್ಲುತ್ತಿತ್ತು. ಆಗ ಅವ್ವ ಅವನನ್ನು ಆ ಕೆಲಸ ಬಿಡಿಸಿದಳು. ಕೈಯಲ್ಲೇನಿತ್ತು ಅಂತ ಬಿಡಿಸಿದಳೋ, ಶಿವನೇ ಬಲ್ಲ. ಸಂತೆ ದಿನ ಮಂಡಕ್ಕಿ ಮಿರ್ಚಿ ಮಾಡಿ ಮಾರಿದಳು, ನಮ್ಮನ್ನು ಸಾಕಿದಳು. ಅಪ್ಪನಿಗೆ ಚಿಕ್ಕಂದಿನಿಂದ ಯಂತ್ರ ಬಿಚ್ಚಿ ಜೋಡಿಸುವ ಹುಚ್ಚು. ಹರಿಹರದ ಸ್ಟೇಷನ್ನಿನಲ್ಲಿ ಒಬ್ಬ ಗಾರ್ಡ್ ಸಾಹೇಬ ಊರು ಬಿಟ್ಟು ವಿಲಾಯತಿಗೆ ಹೋಗುವವನು ಮನೆಯ ಸಾಮಾನೆಲ್ಲ ಜಗುಲಿಗೆ ತಂದಿಟ್ಟು ಮಾರುತ್ತಿದ್ದಾನೆ ಅಂತ ಸುದ್ದಿ ಬಂದಾಗ, ಅಪ್ಪ ಹೋಗಿ ಒಂದು ಕೆಟ್ಟ ಗ್ರಾಮಫೋನು ತಂದ. ಅದರ ಜೊತೆಗೆ ಒಂದು ಪೆಟ್ಟಿಗೆ ಪ್ಲೇಟು. ಗಾಡಿಯಲ್ಲಿ ಬರುವಾಗಲೇ ಅರ್ಧ ಒಡೆದಿದ್ದವು, ಉಳಿದವು ನಮ್ಮ ತಗಡಿನ ಮಾಡಿನ ಬಿಸಿಲಿಗೆ ಹಪ್ಪಳದ ಹಾಗೆ ಡೊಂಕಾದವು. ನೇರಳೆ ಬಣ್ಣದ ಕಾಗದ ಅಂಟಿಸಿದ ಒಂದೇ ಒಂದು ಮಾತ್ರ ನೆಟ್ಟಗೆ ಉಳಿಯಿತು.

ಅಪ್ಪ ಸ್ಪ್ರಿಂಗು ಹಾಕಿ ಯಂತ್ರ ಸರಿಮಾಡಿದ. ಪೇಟೆಯಲ್ಲಿ ನಾಟಕದ ಹಾಡು, ವಚನ, ದೇವರ ಹಾಡುಗಳ ಪ್ಲೇಟು ಕೊಂಡು ತಂದು ಮದುವೆ ಮನೆಗಳಿಗೆ ಬಾಡಿಗೆಗೆ ಹಚ್ಚಲು ಶುರುಮಾಡಿದ. ನಮ್ಮ ಮನೆಯಲ್ಲಿ ಆ ಯಂತ್ರಕ್ಕೂ ಮಡಿ ಇತ್ತು. ಅವ್ವ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಅದರ ಮರದ ಪೆಟ್ಟಿಗೆಗೆ ವಿಭೂತಿ ಹಚ್ಚುವ ತನಕ ಯಾರೂ ಕೀಲಿ ಕೊಡುವ ಹಾಗಿಲ್ಲ. ಕೀಲಿ ಕೊಡುವವಳು ನಾನು. ಹಿಡಿ ತಿರುಗಿಸಿ ತಿರುಗಿಸಿ ನನ್ನ ಬಲಗೈ ಎಡಗೈಗಿಂತ ದಪ್ಪ ಆಗಿತ್ತು. ಅಪ್ಪನದು ಇನ್ನೊಂದು ಮಡಿ: ಒಂದು ಮುಳ್ಳು ಒಂದೇ ಸಲಕ್ಕೆ. ಪ್ಲೇಟಿನ ಗೆರೆಯಲ್ಲಿ ಓಡುವ ಮುಳ್ಳು ಸವೆದರೆ ಪ್ಲೇಟನ್ನು ಗೀರುತ್ತದೆ; ಒಂದು ಸಲ ಹಾಡಿ ಮುಗಿಸಿತೋ, ಆ ಮುಳ್ಳು ಬಿಸಾಕಿ ಹೊಸದು ಹಾಕಬೇಕು. ಉಳಿದವರು ಒಂದೇ ಮುಳ್ಳಿನಲ್ಲಿ ಇಡೀ ಮದುವೆ ಮುಗಿಸುತ್ತಿದ್ದರು. ರೊಟ್ಟಿಗೆ ಎಣ್ಣೆ ಇಲ್ಲದ ದಿನವೂ ಅಪ್ಪ ಮುಳ್ಳಿನ ಡಬ್ಬಿ ತರುತ್ತಿದ್ದ. ಅವ್ವ ಬದನೆಕಾಯಿ ಪಲ್ಯ ಬಡಿಸುತ್ತ ಚುಚ್ಚುತ್ತಿದ್ದಳು.

"ತಿನ್ರಿ, ಇವತ್ತು ಪಲ್ಯಕ್ಕೆ ಮುಳ್ಳಿನದೇ ಒಗ್ಗರಣೆ."

ನೇರಳೆ ಪ್ಲೇಟನ್ನು ಮೊದಮೊದಲು ಅಪ್ಪ ಯಂತ್ರ ಪರೀಕ್ಷೆಗೆ ಮಾತ್ರ ಹಚ್ಚುತ್ತಿದ್ದ. ಅದರಲ್ಲಿ ಮಾತಿಲ್ಲ, ಹಾಡುವವರಿಲ್ಲ. ಒಂದು ಕೊಂಬು ಇತ್ತು. ಅದು ನಗುತ್ತಿತ್ತು, ಬಿಕ್ಕುತ್ತಿತ್ತು, ಎಲ್ಲಿಗೋ ಓಡಿಹೋಗಿ ಮತ್ತೆ ಹಿಂದಿನಿಂದ ಬಂದು ಕಣ್ಣು ಮುಚ್ಚುತ್ತಿತ್ತು. ಹಿಂದೆ ಡೊಳ್ಳಿನಂಥ ಏನೋ ಒಂದು ಹೆಜ್ಜೆ ಹಾಕುತ್ತಿತ್ತು. ಕೊಕ್ಕನೂರಿನ ಗೌಡರ ಹಿರೇಮಗನ ಮದುವೆಯಲ್ಲಿ ಹೊಸ ಸೊಸೆ ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಬರುವ ಹೊತ್ತು. ಯಾವ ಹಾಡು ಹಚ್ಚಬೇಕು ಅಂತ ಬೀಗರಲ್ಲಿ ಜಗಳ ಹತ್ತಿತ್ತು. ನಾಟಕದ ಹಾಡಿನಲ್ಲಿ ಅಳು ಐತೆ ಬ್ಯಾಡ ಅಂತ ಒಬ್ಬರು, ಸಿನಿಮಾದ್ದು ಲಫಂಗ ಹಾಡು ಬ್ಯಾಡ ಅಂತ ಇನ್ನೊಬ್ಬರು. ಗಲಾಟೆಯಲ್ಲಿ ಅಪ್ಪ ಪರೀಕ್ಷೆಗೆ ಇಟ್ಟಿದ್ದ ನೇರಳೆ ಪ್ಲೇಟನ್ನು ತೆಗೆಯುವುದನ್ನೇ ಮರೆತು ಮುಳ್ಳು ಇಳಿಸಿಬಿಟ್ಟ. ಕೊಂಬು ಕೂಗಿತು, ಸೇರು ಉರುಳಿತು, ಸೊಸೆ ಒಳಗೆ ಬಂದಳು. ಮಾತಿಲ್ಲದ ಹಾಡಿಗೆ ಯಾರು ಏನಂತ ಜಗಳ ತೆಗೆಯುತ್ತಾರೆ? ವರ್ಷ ತುಂಬುವುದರೊಳಗೆ ಆ ಸೊಸೆ ಅವಳಿ ಗಂಡುಮಕ್ಕಳನ್ನು ಹೆತ್ತಳು. ಮುಗಿಯಿತು. ಹರಿಹರದಿಂದ ಕೊಂಡಜ್ಜಿಯವರೆಗೆ ಕೊಂಬಿನ ಪ್ಲೇಟು ಕೇಳದೆ ಸೊಸೆಯನ್ನು ಮನೆತುಂಬಿಸಿಕೊಳ್ಳಬಾರದು ಅಂತ ಆಯಿತು. ಜನ ಮುಹೂರ್ತ ಗೊತ್ತುಮಾಡುವ ಮೊದಲು ನಮ್ಮ ಪಡಸಾಲೆಗೆ ಬಂದು, ಆ ದಿನ ಪ್ಲೇಟು ಬಿಡುವಾಗಿದೆಯೋ ಇಲ್ಲವೋ ಅಂತ ವಿಚಾರಿಸುತ್ತಿದ್ದರು.

ನಾವು ಚೆನ್ನಾಗಿ ಉಂಡ ವರ್ಷಗಳು ಅವು. ಆದರೆ ಪೇಟೆಗೆ ಮೈಕ್ ಸೆಟ್ಟು ಬಂತು. ಬ್ಯಾಟರಿಯ ಮೇಲೆ ಓಡುವಂಥದು, ಮರದ ತುದಿಗೆ ಸ್ಪೀಕರ್ ಕಟ್ಟಿದರೆ ಮೂರು ಊರಿಗೆ ಕೇಳುವಂಥದು, ಊಟಕ್ಕೆ ಏಳ್ರಿ ಅಂತ ಕೂಗಿ ಕರೆಯುವಂಥದು. ನಮ್ಮ ಯಂತ್ರದ ಸದ್ದು ಚಪ್ಪರ ದಾಟುತ್ತಿರಲಿಲ್ಲ. ಬಂದವರೆಲ್ಲ ಒಂದೇ ಮಾತು: ಕೊಂಬಿನ ಪ್ಲೇಟು ಸರಿ, ಮೈಕ್ ಐತೇನ್ರಿ? ಇಲ್ಲ ಅಂದರೆ ಮುಖ ಮುಖ ನೋಡಿಕೊಂಡು ಎದ್ದು ಹೋಗುತ್ತಿದ್ದರು. ಒಂದು ಮದುವೆ ಕಾಲ ಹೀಗೇ ಹೆಚ್ಚುಕಡಿಮೆ ಖಾಲಿ ಕಳೆಯಿತು. ಮಿಲ್ಲಿನ ಮೇಸ್ತ್ರಿ ಬಂದು ಹತ್ತಿ ಹಿಂಜುವ ಖಾತೆಯಲ್ಲಿ ಒಂದು ಜಾಗ ಐತೆ, ಮಳೆಗಾಲದೊಳಗೆ ಬರೋದಾದ್ರೆ ಬಾ ಅಂತ ಹೇಳಿ ಹೋದ. ಅಪ್ಪ ಆಗಲಿ ಅಂದ. ಆ ದಿನ ನಮ್ಮ ಮನೆಯಲ್ಲಿ ನಡೆದ ಜಗಳ ನನಗೆ ಇವತ್ತಿಗೂ ಕಿವಿಯಲ್ಲಿದೆ.

"ನೀವು ಆ ಧೂಳಿಗೆ ಮತ್ತೆ ಹೋಗಂಗಿಲ್ಲ."

"ಹೋಗದೆ ಏನ್ ತಿನ್ನಾನ? ನಿನ್ನ ಮಿರ್ಚಿಯಾಗ ಆರ್ನೂರು ರೂಪಾಯಿ ಮೈಕ್ ಸೆಟ್ ಬರ್ತೈತೇನು?"

"ಬರಲಿ ಬಿಡಲಿ. ಗ್ವಾಡಿಗೆ ಒರಗಿ ಮಲಗಿದ ಗಂಡನ್ನ ನಾನು ಇನ್ನೊಂದ್ ಚಳಿಗಾಲ ನೋಡಂಗಿಲ್ಲ. ನಾ ಬದುಕಿರೋತನ ಆಗಾಕಿಲ್ಲ."

ಅವ್ವ ಅಂದರೆ ಹಾಗೆ. ದಾರಿ ಗೊತ್ತಿಲ್ಲದಿದ್ದರೂ ಹೋಗುವುದಂತೂ ಖಚಿತ.

ಆ ಸಲ ಸಿಕ್ಕ ಒಂದೇ ಒಂದು ಮದುವೆ ಹರಿಹರದಲ್ಲಿ, ಹೊಳೆಯ ಕಡೆ ಹೋಗುವ ರಸ್ತೆಯ ಪಕ್ಕದ ಮನೆ. ಸೊಸೆ ಒಳಗೆ ಬರುವಾಗ ಕೊಂಬು ಹಚ್ಚಿದ್ದೆವು. ದಿಬ್ಬಣದ ಗಾಡಿಗಳಿಂದ ದಾರಿ ಕಟ್ಟಿ ಒಂದು ಕಾರು ನಿಂತಿತ್ತು. ಕಾರಿನಿಂದ ಒಬ್ಬರು ಇಳಿದು, ಚಪ್ಪಲಿ ಎಲ್ಲಿ ಬಿಟ್ಟರೋ, ನೆಟ್ಟಗೆ ನಮ್ಮ ಯಂತ್ರದ ಮುಂದೆ ಬಂದು ನಿಂತರು. ಪ್ಲೇಟು ಮುಗಿಯುವ ತನಕ ಕಣ್ಣು ಮುಚ್ಚಿಕೊಂಡಿದ್ದರು. ಹುಬ್ಬಳ್ಳಿ ಕಡೆಯವರು, ಮುಂಬೈಯಲ್ಲಿ ಹತ್ತಿ ದಲಾಲಿ, ಮಿಲ್ಲಿನ ವ್ಯವಹಾರಕ್ಕೆ ದಾವಣಗೆರೆಗೆ ಬಂದವರು. ನಾವು ಅವರನ್ನು ಸಾಹುಕಾರ್ರು ಅಂತಲೇ ಕರೆದೆವು. ಮಾರನೆಯ ಬೆಳಿಗ್ಗೆ ಅವರು ವಿಳಾಸ ಕೇಳಿಕೊಂಡು ನಮ್ಮ ಪಡಸಾಲೆಗೆ ಬಂದು ಚಾಪೆಯ ಮೇಲೆ ಕೂತರು. ಪ್ಲೇಟನ್ನು ಬೆಳಕಿಗೆ ಓರೆ ಹಿಡಿದು, ಮಗುವಿನ ಕೆನ್ನೆ ಸವರುವ ಹಾಗೆ ಅಂಗೈ ಆಡಿಸಿದರು.

"ಇದನ್ನ ನುಡಿಸಿದ ಬ್ಯಾಂಡಿನವರು ಮುಂಬೈದಾಗ ಒಂದ್ ಹೋಟೆಲಿನ್ಯಾಗ ಇದ್ರು. ಭಾಳ ಕಡಿಮಿ ಪ್ಲೇಟು ಮಾಡಿದ್ರು, ಇದ್ದವೂ ಒಡೆದು ಹೋದವು. ಇಂಥಾದ್ದನ್ನ ನಾ ಕಲ್ಕತ್ತಾದಾಗ, ಮದರಾಸಿನ್ಯಾಗ ಹುಡುಕೇನಿ. ಸಿಕ್ಕರೂ ಮೈಯೆಲ್ಲ ಗೀರು. ನಿಮ್ಮಲ್ಲಿ ಹೆಂಗ ಇಷ್ಟು ನುಣ್ಣಗ ಉಳೀತು?"

"ಒಂದು ಮುಳ್ಳು ಒಂದೇ ಸಲಕ್ಕೆ ರೀ," ಅಂದ ಅಪ್ಪ, ಅವ್ವನ ಕಡೆ ಓರೆಗಣ್ಣು ಬಿಟ್ಟು.

ಸಾಹುಕಾರ್ರು ನೂರು ರೂಪಾಯಿ ಕೊಡುತ್ತೇನೆ ಅಂದರು. ನಾಲ್ಕೈದು ರೂಪಾಯಿಗೆ ಹೊಸ ಪ್ಲೇಟು ಸಿಗುತ್ತಿದ್ದ ಕಾಲ. ಅಪ್ಪ ಕೊಡಲ್ಲ ಅಂದ. ಈ ಪ್ಲೇಟೇ ನಮ್ಮ ಅಂಗಡಿ, ಇದನ್ನ ಕೊಟ್ಟರೆ ನಮ್ಮನ್ನ ಕರೆಯೋರು ಯಾರು ಅಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು.

"ಮಡಕಿಯಂಥ ಸಾಮಾನು. ನಾಳೆ ಕೈ ಜಾರಿದ್ರೆ ಚೂರು. ಅದನ್ನ ನಂಬ್ಕೊಂಡು ನಿಮ್ಮ ಎದಿ ಒತ್ತೆ ಇಡಾಕಾಗ್ತೈತೇನ್ರಿ? ಸಾಹುಕಾರ್ರೇ, ನೀವು ಕೂಡ್ರಿ. ನೂರು ಇನ್ನೂರು ಅಂತ ಓಣಿಗೆ ಕೇಳಂಗೆ ಮಾತಾಡೋದು ಬ್ಯಾಡ. ವಲ್ಲಿ ಹಾಸ್ರಿ."

ಇದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಹತ್ತಿ ಪೇಟೆಯಲ್ಲಿ, ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಟವೆಲ್ಲನ್ನು, ಇಬ್ಬರ ಕೈ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿಯುತ್ತಿದ್ದರು. ಒಂದು ಬೆರಳಿಗೆ ಇಷ್ಟು ಅಂತ ಮೊದಲೇ ಮಾತು. ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಒಲ್ಲೆ ಅಂದರೆ ಕೈ ಕೊಡವಬೇಕು, ಒಪ್ಪಿದರೆ ಇಡೀ ಮುಷ್ಟಿ ಹಿಡಿದು ಒತ್ತಬೇಕು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ತಾತ, ಅಂದರೆ ಅವ್ವನ ಅಪ್ಪ, ಎತ್ತಿನ ವ್ಯಾಪಾರ ಮಾಡುತ್ತಿದ್ದವನು. ಅವ್ವ ಆ ವಿದ್ಯೆ ಅವನ ತೊಡೆಯ ಮೇಲೆ ಕೂತು ಕಲಿತಿದ್ದಳು. ಸಾಹುಕಾರ್ರಿಗೆ ಅದು ದಿನಾ ಮಾಡುವ ಕೆಲಸ. ಅವರು ನಗುತ್ತ ವಲ್ಲಿ ತೆಗೆದರು. ಆದರೆ ಹೆಣ್ಣುಮಗಳು ಪರಗಂಡಸಿನ ಕೈ ಹೇಗೆ ಹಿಡಿಯುತ್ತಾಳೆ? ಅಪ್ಪನೋ ಒಲ್ಲದ ವ್ಯಾಪಾರಕ್ಕೆ ಕೈ ಕೊಡುವವನಲ್ಲ, ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದ. ಅವ್ವ ಒಂದು ಗಳಿಗೆ ಯೋಚಿಸಿದಳು.

"ನೀಲಿ, ಬಾ ಇಲ್ಲಿ. ನಡುವೆ ಕೂಡು. ಆ ಕೈ ಅವರಿಗೆ ಕೊಡು, ಈ ಕೈ ನನಗೆ ಕೊಡು. ಅವರು ಹಿಡಿದಷ್ಟು ಬೆರಳು ನನಗೆ ಹಿಡಿ, ನಾ ಹಿಡಿದದ್ದು ಅವರಿಗೆ ಹಿಡಿ. ಬೆರಳಿಗೆ ನೂರು."

ನನ್ನ ಬಲಗೈ ಸಾಹುಕಾರ್ರ ವಲ್ಲಿಯ ಕೆಳಗೆ, ಎಡಗೈ ಅವ್ವನ ಸೆರಗಿನ ಕೆಳಗೆ. ಸಾಹುಕಾರ್ರ ಬೆರಳು ಮೆತ್ತಗೆ, ತಣ್ಣಗೆ. ಅವ್ವನದು ಕಡ್ಲೆಹಿಟ್ಟು ಮೆತ್ತಿದ ಒರಟು ಬೆರಳು. ಬೆಲೆ ನನ್ನ ಒಂದು ಕೈಯಿಂದ ಹೊಕ್ಕು ಎದೆಯ ಮೇಲೆ ಹಾದು ಇನ್ನೊಂದು ಕೈಯಿಂದ ಹೊರಗೆ ಹೋಗುತ್ತಿತ್ತು. ಅವರು ಎರಡು ಹಿಡಿದರು. ಅವ್ವ ಕೊಡವಿದಳು. ಅವ್ವ ಆರು ಹಿಡಿದಳು, ಐದು ಹಿಡಿದು ಮತ್ತೊಂದು. ಅವರು ಕೊಡವಿದರು, ಮೂರು ಹಿಡಿದರು. ಹೀಗೆ ಆಗುತ್ತ ಅವರು ನಾಲ್ಕಕ್ಕೆ ಬಂದು ನಿಂತರು. ನಾನು ಅವ್ವನ ಮುಖ ನೋಡಿದೆ, ಅವಳು ಗೋಡೆಯ ಕಡೆ ತಿರುಗಿ ಕೂತ ಅಪ್ಪನ ಬೆನ್ನು ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ನನ್ನ ಮುಷ್ಟಿ ಹಿಡಿದು ಒತ್ತಿದಳು. ಒಪ್ಪಿಗೆ. ಮಿಕ್ಕ ಇನ್ನೂರಕ್ಕೆ ಸಾಲ ಮಾಡುವ ಲೆಕ್ಕ ಇರಬೇಕು.

ನಾನು ಸಾಹುಕಾರ್ರ ಕೈ ಕೊಡವಿಬಿಟ್ಟೆ.

ದುಡ್ಡಿನಾಸೆ ಅಂದುಕೊಳ್ಳಬೇಡಿ. ಹನ್ನೆರಡು ತುಂಬದ ಆ ವಯಸ್ಸಿಗೆ ನನಗೆ ನೂರೂ ಒಂದೇ ಐನೂರೂ ಒಂದೇ. ನನಗೆ ಆ ಕೊಂಬು ಬೇಕಿತ್ತು. ಅವರು ಬೇಸತ್ತು ಎದ್ದು ಹೋಗಲಿ ಅಂತ ಕೊಡವಿದ್ದು. ಅವರು ಹೋಗಲಿಲ್ಲ. ಐದು ಹಿಡಿದರು. ನಾನು ಆ ಐದನ್ನು ದಾಟಿಸಿದಾಗ ಅವ್ವನ ಎಡಹುಬ್ಬು ಮೇಲೆ ಹೋಯಿತು. ಒಪ್ಪಿದ ಮೇಲೂ ಬೆಲೆ ಏರಿದ್ದನ್ನು ಎತ್ತಿನ ವ್ಯಾಪಾರಿಯ ಮಗಳು ಎಲ್ಲಿ ನೋಡಿದ್ದಳು? ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅವಳಿಗೆ ತಿಳಿದುಹೋಯಿತು. ಆದರೆ ಅವಳು ಮುಷ್ಟಿ ಒತ್ತಲಿಲ್ಲ, ಬೆರಳು ಹಿಡಿಯಲಿಲ್ಲ. ನನ್ನ ಕೈಯನ್ನು ಸುಮ್ಮನೆ ತನ್ನ ಕೈಯೊಳಗೆ ಇಟ್ಟುಕೊಂಡು ಕೂತಳು. ನಾನು ಅವರ ಕೈ ಮತ್ತೆ ಕೊಡವಿದೆ. ಸಾಹುಕಾರ್ರ ಹಣೆಯಲ್ಲಿ ಬೆವರು. ಅವರು ಪ್ಲೇಟಿನ ಕಡೆ ನೋಡಿದರು, ಐದು ಹಿಡಿದರು, ಬಿಟ್ಟರು, ಮತ್ತೊಂದು ಹಿಡಿದರು. ಆರು. ಮೈಕ್ ಸೆಟ್ಟಿಗೆ ಆರು ನೂರು ಬೇಕು ಅಂತ ನಮ್ಮ ಮನೆಯ ಜಗಳ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿತ್ತು. ಆಗ ಅಪ್ಪ ಕೆಮ್ಮಿದ. ಗೋಡೆಯ ಕಡೆ ಮುಖ ಮಾಡಿಕೊಂಡೇ, ನಮಗೆ ಕೇಳದ ಹಾಗೆ, ಬಾಯಿಗೆ ಕೈ ಒತ್ತಿ. ಅವ್ವನ ಬೆರಳು ಈಗಲೂ ಅಲುಗಲಿಲ್ಲ. ಕೈ ನನ್ನದು, ಕೊಡವಿದರೆ ಕೊಂಬು ಉಳಿಯುತ್ತದೆ, ಒತ್ತಿದರೆ ಅಪ್ಪನ ಎದೆ. ನಾನು ಆ ಸಾಹುಕಾರ್ರ ಮುಷ್ಟಿಯನ್ನು ಗ್ರಾಮಫೋನಿನ ಹಿಡಿ ತಿರುಗಿಸಿದ ನನ್ನ ಬಲಗೈಯಲ್ಲಿ ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿದೆ. ಅವರು ಅಯ್ಯೋ ಅಂದರು.

"ಯವ್ವಾ, ಎಂಥಾ ಹಿಡಿತವೇ ನಿನ್ನದು. ಪ್ಯಾಟಿಯೊಳಗ ನಿನ್ನ ಕೂಡ್ಸಿದ್ರ ನಮ್ಮ ಅಂಗಡಿ ಮುಚ್ಚಬೇಕಾಕ್ಕೈತಿ."

ಅವರು ಪ್ಲೇಟನ್ನು ತಮ್ಮ ರೇಷ್ಮೆ ಶಾಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಹೋದರು. ಅಪ್ಪ ಮೂರು ದಿನ ಅವ್ವನ ಜೊತೆ ಮಾತಾಡಲಿಲ್ಲ. ಅವ್ವ ಮಾತ್ರ ಆ ಮಧ್ಯಾಹ್ನ ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟು, ಮೆಲ್ಲಗೆ ಕೇಳಿದಳು.

"ಯಾಕ, ನಾ ಒಪ್ಪಿಕೊಂಡಾಗ ನೀ ಯಾಕ ಕೊಡವಿದಿ?"

"ನೀನು ಮೆತ್ತಗೆ ಒತ್ತಿದ್ದಿ."

"ಹೌದು. ನನಗೂ ಮನಸ್ಸಿರಲಿಲ್ಲ ಬಿಡು. ತಿನ್ನು."

ಮೈಕ್ ಸೆಟ್ಟು ಬಂತು. ಅವ್ವ ಅದಕ್ಕೂ ವಿಭೂತಿ ಹಚ್ಚಿದಳು. ಮೇಸ್ತ್ರಿ ಓಣಿಯಲ್ಲಿ ಎದುರಾದರೆ ಅಪ್ಪ ಇನ್ನೂ ಆಗಲಿ ಆಗಲಿ ಅನ್ನುತ್ತಿದ್ದ. ಸೆಟ್ಟಿನ ಮೇಲೆ ಅವನಿಗೆ ನಂಬಿಕೆ ಹುಟ್ಟಿರಲಿಲ್ಲ. ಆ ಹೊತ್ತಿಗೆ ಕೊಕ್ಕನೂರಿನ ಗೌಡರ ಎರಡನೇ ಮಗನ ಮದುವೆ ಬಂತು. ಪ್ಲೇಟು ಮಾರಿದ್ದನ್ನು ಮೊದಲೇ ಹೇಳಿಬಿಡ್ರಿ ಅಂತ, ಅಪ್ಪ ಮದುವೆ ಒಪ್ಪಿಕೊಳ್ಳಲು ಹೊರಟಾಗಲೇ ಅವ್ವ ಹೇಳಿದ್ದಳು. ಅಪ್ಪ ಹೇಳದೆಯೇ ಒಪ್ಪಿಕೊಂಡು ಬಂದಿದ್ದ. ಸ್ಪೀಕರ್ ಬೇವಿನ ಮರಕ್ಕೆ ಕಟ್ಟಿದೆವು, ಹಾಡು ಮೂರು ಊರಿಗೆ ಕೇಳಿತು, ಗೌಡರು ಮೀಸೆ ತಿರುವಿದರು. ಸೊಸೆ ಹೊಸ್ತಿಲ ಮುಂದೆ ಬಂದು ನಿಂತಳು. ಸೇರಿನಲ್ಲಿ ಅಕ್ಕಿ ತುಂಬಿತ್ತು.

"ಹಚ್ಚಪ್ಪ ಕೊಂಬಿಂದು," ಅಂದರು ಗೌಡರು.

ಅಪ್ಪ ಕೈ ಮುಗಿದು ವಿಷಯ ಹೇಳಿದ. ಗೌಡರ ಕೈ ಮೀಸೆಯಿಂದ ಕೆಳಗಿಳಿಯಿತು.

"ಮಾರಿದ್ಯಾ? ಮನೆತುಂಬಿಸೋ ಪ್ಲೇಟನ್ನ ಮಾರ್ಕೊಂಡು ತಿಂದ್ಯಾ? ಬಿಚ್ಚು ನಿನ್ನ ಡಬ್ಬಿನ. ಪ್ಯಾಟಿಯಿಂದ ಬೇರೆಯೋರ್ನ ಕರೆಸ್ತೀನಿ. ಈ ತಾಲ್ಲೂಕಿನಾಗೆ ನಿನ್ನ ಯಾರು ಕರೀತಾರೋ ನಾನೂ ನೋಡ್ತೀನಿ."

ಅಪ್ಪ ಬಾಗಿ ವೈರು ಸುತ್ತತೊಡಗಿದ. ಅಡುಗೆ ಒಲೆಯ ಕಡೆ ಹೆಂಗಸರ ಜೊತೆ ಕೆಲಸಕ್ಕೆ ಕೈ ಹಚ್ಚಿದ್ದ ಅವ್ವ ಎದ್ದು ನಿಂತಳು. ನಾನು ಮೈಕಿನ ಹತ್ತಿರ ಇದ್ದೆ. ಅಪ್ಪನ ಕೈ ಅದರ ವೈರಿಗೆ ಬರುವ ಮೊದಲು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಯಿಗೆ ಹತ್ತಿರ ತಂದೆ. ತುಟಿ ಬಿಗಿದು, ಕೆನ್ನೆ ಉಬ್ಬಿಸಿ, ಬಾಯಲ್ಲೇ ಕೊಂಬಿನ ರಾಗ ಹಿಡಿದೆ. ಅದು ಎಲ್ಲಿ ನಗುತ್ತದೆ, ಎಲ್ಲಿ ಬಿಕ್ಕುತ್ತದೆ, ಎಲ್ಲಿ ಓಡಿಹೋಗಿ ಹಿಂದಿನಿಂದ ಬರುತ್ತದೆ, ಎಲ್ಲ ನನ್ನ ಹೊಟ್ಟೆಯೊಳಗೆ ಇತ್ತು. ಕಾಲಲ್ಲಿ ಡೊಳ್ಳಿನ ಹೆಜ್ಜೆ ಹಾಕಿದೆ. ಬೇವಿನ ಮರದ ಮೇಲಿಂದ ನನ್ನ ಬಾಯಿಯ ಕೊಂಬು ಊರ ಮೇಲೆ ಹೋಯಿತು, ಹೊಲದಲ್ಲಿದ್ದ ಎತ್ತುಗಳು ತಲೆ ಎತ್ತಿದವು ಅಂತ ಆಮೇಲೆ ಜನ ಹೇಳಿದರು. ಯಾರೋ ಕಿಸಕ್ಕನೆ ನಕ್ಕರು. ಆದರೆ ಸೊಸೆ, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ನನ್ನ ಕಡೆ ನೋಡಿ ನಗು ತಡೆಯಲಾರದೆ, ಕಾಲೆತ್ತಿ ಸೇರು ಒದ್ದೇಬಿಟ್ಟಳು. ಅಕ್ಕಿ ಹೊಸ್ತಿಲೊಳಗೆ ಚೆಲ್ಲಿತು. ಒಳಗೆ ಬಂದ ಮೇಲೆ ಯಾರು ಏನು ಮಾಡುವುದಕ್ಕಾಗುತ್ತದೆ?

ಗೌಡರು ಪೇಟೆಗೆ ಯಾರನ್ನೂ ಕಳಿಸಲಿಲ್ಲ. ಊಟದ ಪಂಕ್ತಿ ಏಳುವಾಗ ಅಪ್ಪನನ್ನು ಕರೆದರು.

"ಬರೋ ಸೋಮವಾರ ನಮ್ಮ ಅಳಿಯಂದ್ರ ಮನ್ಯಾಗ ಮದುವಿ ಐತೆ, ಕೊಂಡಜ್ಜಿಯಾಗ. ಆ ಹುಡುಗಿನ್ನ ಕರ್ಕೊಂಡು ಹೋಗು."

ಅಪ್ಪ ಕೈ ಮುಗಿಯುವ ಮೊದಲೇ ಹಿಂದಿನಿಂದ ಅವ್ವನ ದನಿ ಬಂತು.

"ಮೈಕಿಂದು ಬ್ಯಾರೆ, ಹುಡುಗಿದು ಬ್ಯಾರೆ ಆಗ್ತೈತ್ರಿ ಗೌಡ್ರೇ."

ಮಾರನೆಯ ಬೆಳಿಗ್ಗೆ ಗಾಡಿಯಲ್ಲಿ ಊರಿಗೆ ಬಂದೆವು. ಸೆಟ್ಟಿನ ಪೆಟ್ಟಿಗೆಯನ್ನು ಅವ್ವ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮಿಲ್ಲಿನ ಗೇಟಿನ ಮುಂದೆ ಗಾಡಿ ಬಂದಾಗ ಬೆಳಗಿನ ಸೈರನ್ ಹೊಡೆಯಿತು, ಜನ ಸಾಲಾಗಿ ಒಳಗೆ ಹೋಗುತ್ತಿದ್ದರು, ಮೇಸ್ತ್ರಿ ಗೇಟಿನಲ್ಲೇ ನಿಂತು ಅಪ್ಪನ ಕಡೆ ಕೈ ಎತ್ತಿದ. ಅಪ್ಪ ಅವನನ್ನು ನೋಡಲೇ ಇಲ್ಲ. ಅವನ ತಲೆಯಲ್ಲಿ ಬೇರೆ ಏನೋ ಓಡುತ್ತಿತ್ತು. ಗಾಡಿಯ ಗೂಟ ಹಿಡಿದುಕೊಂಡು ನನ್ನ ಕಡೆ ಬಾಗಿದ.

"ನಿನ್ನೆ ನಡುವಿನ ತಿರುವು ತಪ್ಪಿದಿ ನೋಡು. ಅದು ಕೆಳಗಿಳಿದು ಆಮೇಲೆ ಮ್ಯಾಲೆ ಹೋಗ್ತೈತೆ. ಸೋಮವಾರದೊಳಗೆ ಸರಿಮಾಡಬೇಕು. ಇನ್ನೊಂದ್ ಸಲ ಹಿಡಿ."

ಸೈರನ್ ಇನ್ನೂ ಕೂಗುತ್ತಿತ್ತು. ನಾನು ಅದಕ್ಕಿಂತ ಜೋರಾಗಿ ಹಿಡಿದೆ.